ಯಾರಿಗೆ ಯಾವ ಕಾಕ್‌ಟೇಲ್? ಊಟದ ರುಚಿ ಕೇಳಿ, ಮುಖ ನೋಡಿ, ಆಮೇಲೆ ಬಾಟಲಿ ತೆಗೆಯಿರಿ

ಶನಿವಾರ ಸಂಜೆ ಮನೆಗೆ ನಾಲ್ಕು ಜನ ಬಂದಿದ್ದಾರೆ. "ಏನು ಕುಡೀತೀರಿ?" ಅಂತ ಕೇಳುತ್ತೀರಿ. ಒಬ್ಬರು "ಏನಾದ್ರೂ ನಡೆಯುತ್ತೆ" ಅನ್ನುತ್ತಾರೆ, ಇನ್ನೊಬ್ಬರು "ನೀವೇನು ತಗೋತೀರೋ ಅದೇ ಕೊಡಿ" ಅನ್ನುತ್ತಾರೆ, ಮೂರನೆಯವರಿಗೆ ವಿಸ್ಕಿ ಬಿಟ್ಟು ಬೇರೆ ಹೆಸರು ಬಾಯಿಗೆ ಬರುವುದಿಲ್ಲ, ನಾಲ್ಕನೆಯವರು ಸುಮ್ನೆ ನಕ್ಕುಬಿಡುತ್ತಾರೆ. ನೀವು ಎಲ್ಲರಿಗೂ ಒಂದೊಂದು ಪೆಗ್ ಹಾಕಿ ಸೋಡಾ ಸುರಿದು ಮುಗಿಸುತ್ತೀರಿ. ಅಲ್ಲಿಗೆ ಒಂದು ಒಳ್ಳೆಯ ಅವಕಾಶ ಕೈತಪ್ಪಿತು.

ನಾನು ಏಳೆಂಟು ವರ್ಷದಿಂದ ಮನೆಯಲ್ಲಿ ಕಾಕ್‌ಟೇಲ್ ಮಾಡುತ್ತಿದ್ದೇನೆ. ಬಾರ್ ಕೆಲಸ ಮಾಡಿದವನಲ್ಲ. ಅಡುಗೆ ಮಾಡಿ ಬಡಿಸುವ ಖುಷಿ ಇದೆಯಲ್ಲ, ಅದೇ ಖುಷಿ ಇದರಲ್ಲೂ ಸಿಕ್ಕಿತು, ಅಷ್ಟೇ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದೇ ಮಾತು. ಮನುಷ್ಯರ ಸ್ವಭಾವ ನೋಡಿ ರುಚಿ ಆರಿಸಬೇಕು. ಅವತ್ತಿನ ಮನಸ್ಸು ನೋಡಿ ಎಷ್ಟು ಗಟ್ಟಿ ಇರಬೇಕು ಅಂತ ತೀರ್ಮಾನಿಸಬೇಕು. ಇವೆರಡನ್ನು ಬೇರೆ ಬೇರೆ ಇಟ್ಟರೆ ಸಾಕು, ಉಳಿದದ್ದೆಲ್ಲ ಕೈಕೆಲಸ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಗೆಳೆಯನೊಬ್ಬನಿಗೆ ನಿಶ್ಚಯವಾಗಿದ್ದ ಮದುವೆ ಮುರಿದುಬಿತ್ತು, ಆ ರಾತ್ರಿ ನಮ್ಮ ಮನೆಗೆ ಬಂದ. ಅವನಿಗೆ ವಿಸ್ಕಿ ಇಷ್ಟ ಅಂತ ಗೊತ್ತಿತ್ತು, ವಿಸ್ಕಿಯದೇ ಕಾಕ್‌ಟೇಲ್ ಓಲ್ಡ್ ಫ್ಯಾಶನ್ಡ್ ಮಾಡಿಕೊಟ್ಟೆ. ಲೋಟಕ್ಕೆ 60 ಎಂಎಲ್. ಒಂದೂವರೆ ಗಂಟೆಯಲ್ಲಿ ಮೂರು ಲೋಟ. ಅಂದರೆ 180 ಎಂಎಲ್, ಪೂರ್ತಿ ಒಂದು ಕ್ವಾರ್ಟರ್. ಅವನು ಅತ್ತ, ಏನೇನೋ ಹೇಳಿಕೊಂಡ, ಸೋಫಾ ಮೇಲೇ ಮಲಗಿದ, ಬೆಳಿಗ್ಗೆ ಎದ್ದು ನೋಡಿದರೆ ನನ್ನ ಹತ್ತಿರ ಏನು ಹೇಳಿದ್ದ ಅನ್ನುವುದೇ ಅವನಿಗೆ ನೆನಪಿಲ್ಲ. ಪಾಪ, ಮತ್ತೆ ಮೊದಲಿಂದ ಹೇಳಬೇಕಾಯಿತು. ರುಚಿಯಲ್ಲಿ ನಾನು ತಪ್ಪಿರಲಿಲ್ಲ, ಗಟ್ಟಿತನದಲ್ಲಿ ತಪ್ಪಿದ್ದೆ. ಅದೇ ವಿಸ್ಕಿಯನ್ನು 30 ಎಂಎಲ್ ಹಾಕಿ ಉದ್ದ ಲೋಟದಲ್ಲಿ ಐಸು, ಸೋಡಾ ತುಂಬಿ ಕೊಟ್ಟಿದ್ದರೆ ರಾತ್ರಿಯಿಡೀ ಕೂತು ಮಾತಾಡಬಹುದಿತ್ತು.

ಮೊದಲು ಲೆಕ್ಕ

ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಜಿನ್‌ಗಳಲ್ಲಿ ಹೆಚ್ಚಿನವು 42.8 ಶೇಕಡಾ ಆಲ್ಕೋಹಾಲ್ ಇರುವಂಥವು. ಬಾಟಲಿ ಮೇಲೆ ಬರೆದಿರುತ್ತದೆ, ನೋಡಿ. ಅಂದರೆ 30 ಎಂಎಲ್‌ನ ಒಂದು ಸಣ್ಣ ಪೆಗ್‌ನಲ್ಲಿ ಹೆಚ್ಚುಕಡಿಮೆ 10 ಗ್ರಾಂ ಆಲ್ಕೋಹಾಲ್. ಆರೋಗ್ಯವಂತ ದೇಹ ಅದನ್ನು ಅರಗಿಸಲು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ಕಾಕ್‌ಟೇಲ್‌ನಲ್ಲಿ ಹುಳಿ, ಸಿಹಿ ಎಲ್ಲ ಸೇರಿರುವುದರಿಂದ ಗಟ್ಟಿ ಎಷ್ಟಿದೆ ಅಂತ ನಾಲಿಗೆಗೆ ಗೊತ್ತಾಗುವುದಿಲ್ಲ. ಆದ್ದರಿಂದ ಮಾಡುವವರೇ ಲೆಕ್ಕ ಇಟ್ಟುಕೊಳ್ಳಬೇಕು. ನಾನು ಪ್ರತಿ ಡ್ರಿಂಕನ್ನೂ "ಇದರಲ್ಲಿ ಎಷ್ಟು ಸಣ್ಣ ಪೆಗ್" ಅಂತಲೇ ಯೋಚಿಸುತ್ತೇನೆ, ಮುಂದೆಯೂ ಹಾಗೇ ಬರೆಯುತ್ತೇನೆ.

ಸಾಮಾನು ಜಾಸ್ತಿ ಬೇಡ. ಒಂದು ಪೆಗ್ ಮೆಷರ್ ಬೇಕೇ ಬೇಕು, ಕಣ್ಣಳತೆ ನಂಬಬೇಡಿ. ಇಲ್ಲದಿದ್ದರೆ ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಇರುವ ಮುಚ್ಚಳ ತೊಳೆದಿಟ್ಟುಕೊಳ್ಳಿ, ಅದು ಸರಿಯಾಗಿಯೇ ಅಳೆಯುತ್ತದೆ. ಶೇಕರ್ ಬದಲು ಬಿಗಿಯಾದ ಮುಚ್ಚಳದ ಅಗಲ ಬಾಯಿಯ ಬಾಟಲಿ ಆದೀತು. ಉಪ್ಪಿನಕಾಯಿ ಹಾಕಿದ್ದ ಬಾಟಲಿ ಮಾತ್ರ ಬೇಡ, ಎಷ್ಟು ತೊಳೆದರೂ ಮುಚ್ಚಳದಲ್ಲಿ ಮೆಂತ್ಯದ ವಾಸನೆ ಉಳಿದಿರುತ್ತದೆ. ಸೋಸುವುದಕ್ಕೆ ಟೀ ಜರಡಿ. ಐಸು ದೊಡ್ಡದಿದ್ದಷ್ಟೂ ನಿಧಾನ ಕರಗುತ್ತದೆ, ಸಣ್ಣ ಸ್ಟೀಲ್ ಬಟ್ಟಲಲ್ಲಿ ನೀರು ಹಾಕಿ ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿಡಿ. ಒಂದು ಲೋಟ ಸಕ್ಕರೆಗೆ ಒಂದು ಲೋಟ ಬಿಸಿನೀರು ಹಾಕಿ ಕರಗಿಸಿದರೆ ಪಾಕ ರೆಡಿ, ಫ್ರಿಜ್‌ನಲ್ಲಿ ಎರಡು ವಾರ ಇರುತ್ತದೆ. ನಿಂಬೆರಸ ಇರುವ ಡ್ರಿಂಕನ್ನು ಐಸು ಹಾಕಿ 12 ರಿಂದ 15 ಸೆಕೆಂಡು ಜೋರಾಗಿ ಕುಲುಕಬೇಕು. ಬರೀ ಮದ್ಯಗಳೇ ಇರುವುದನ್ನು ಅರ್ಧ ನಿಮಿಷ ಚಮಚದಲ್ಲಿ ತಿರುಗಿಸಿದರೆ ಸಾಕು. ಎರಡರಲ್ಲೂ ಐಸು ಕರಗಿ ಸೇರುವ ನೀರು ದಂಡವಲ್ಲ, ಅದೂ ರೆಸಿಪಿಯ ಭಾಗವೇ.

ಸ್ವಭಾವ ತಿಳಿಯುವುದು ಹೇಗೆ

"ನೀವು ಅಂತರ್ಮುಖಿಯಾ?" ಅಂತ ಕೇಳಿ ಯಾರಿಗೂ ಡ್ರಿಂಕ್ ಆರಿಸಲು ಆಗುವುದಿಲ್ಲ. ಮಾತು ಕಡಿಮೆ ಇರುವವರೆಲ್ಲ ವಿಸ್ಕಿ ಕುಡಿಯುವವರಲ್ಲ, ಜೋರಾಗಿ ನಗುವವರೆಲ್ಲ ಬಣ್ಣಬಣ್ಣದ ಡ್ರಿಂಕ್ ಕೇಳುವವರಲ್ಲ. ಹೆಣ್ಣುಮಕ್ಕಳಿಗೆ ಸಿಹಿಯಾಗಿ ಗುಲಾಬಿ ಬಣ್ಣದ್ದೇನೋ ಒಂದು ಅನ್ನುವುದಂತೂ ದಯವಿಟ್ಟು ಬಿಡಿ. ನಮ್ಮ ಅತ್ತಿಗೆ ಹಾಗಲಕಾಯಿ ಗೊಜ್ಜು ಮಾಡಿದ ದಿನ ಎರಡು ಸಲ ಅನ್ನ ಬಡಿಸಿಕೊಳ್ಳುವವರು. ಎಷ್ಟೋ ಮನೆಗಳಲ್ಲಿ ಅವರ ಕೈಗೆ ಬಂದದ್ದು ಯಾವಾಗಲೂ ಸಿಹಿ ಸಿಹಿ ವೈನ್. ನಾನು ಒಂದು ಸಲ ನೆಗ್ರೋನಿ ಅನ್ನುವ ಕಹಿ ಕಾಕ್‌ಟೇಲ್ ಕೊಟ್ಟೆ. ಒಂದು ಗುಟುಕು ಕುಡಿದು "ಇದನ್ನ ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದೆ?" ಅಂದರು.

ಹಾಗಾಗಿ ನಾನು ಕೇಳುವುದು ಊಟದ ಪ್ರಶ್ನೆ. ಕಾಫಿ ಹೇಗೆ ಬೇಕು, ಸ್ಟ್ರಾಂಗಾ, ಸಕ್ಕರೆ ಎಷ್ಟು? ಮಾವಿನಕಾಯಿ ಕೊಟ್ಟರೆ ಉಪ್ಪು ಖಾರ ಹಚ್ಚುತ್ತೀರಾ, ಹಣ್ಣಾಗಲಿ ಅಂತ ಕಾಯುತ್ತೀರಾ? ಊಟದಲ್ಲಿ ಯಾವುದನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತೀರಿ? ಇದಕ್ಕೆ ಎಲ್ಲರೂ ಖುಷಿಯಾಗಿ ಉತ್ತರ ಹೇಳುತ್ತಾರೆ, ಸುಳ್ಳೂ ಹೇಳುವುದಿಲ್ಲ. ಹೊಸತನ್ನು ಮುಟ್ಟಿ ನೋಡುವವರು ಯಾರು, ಗೊತ್ತಿದ್ದದ್ದರಲ್ಲೇ ನೆಮ್ಮದಿ ಕಾಣುವವರು ಯಾರು ಅನ್ನುವುದೂ ಈ ಮಾತಲ್ಲೇ ತಿಳಿದುಬಿಡುತ್ತದೆ.

ಕಹಿ ಪ್ರಿಯರು

ಸಕ್ಕರೆ ಹಾಕದ ಸ್ಟ್ರಾಂಗ್ ಕಾಫಿ, ಹಾಗಲಕಾಯಿ, ಮೆಂತ್ಯ ಸೊಪ್ಪು. ಇವರಿಗೆ ತಮ್ಮ ರುಚಿ ಏನು ಅಂತ ಚೆನ್ನಾಗಿ ಗೊತ್ತಿರುತ್ತದೆ, ಬೇರೆಯವರು ಮುಖ ಹಿಂಡಿದರೂ ಚಿಂತೆಯಿಲ್ಲ. ಇವರಿಗೆ ನೆಗ್ರೋನಿ. ಜಿನ್, ಕಂಪಾರಿ (ಇಟಲಿಯ ಕೆಂಪು ಬಣ್ಣದ ಕಹಿ ಮದ್ಯ), ಸಿಹಿ ವರ್ಮೂತ್ (ಗಿಡಮೂಲಿಕೆ ಸೇರಿಸಿದ ವೈನ್) ತಲಾ 30 ಎಂಎಲ್, ಐಸಿನ ಮೇಲೆ ತಿರುಗಿಸಿ, ಕಿತ್ತಳೆ ಸಿಪ್ಪೆಯನ್ನು ಲೋಟದ ಮೇಲೆ ಹಿಂಡಿ ಎಣ್ಣೆ ಚಿಮ್ಮಿಸಿ ಒಳಗೆ ಬಿಡಿ. ಕಂಪಾರಿಯಲ್ಲಿ ಸುಮಾರು 25 ಶೇಕಡಾ, ವರ್ಮೂತ್‌ನಲ್ಲಿ 15ರ ಆಸುಪಾಸು ಆಲ್ಕೋಹಾಲ್ ಇರುವುದರಿಂದ ಈ ಒಂದು ಲೋಟದಲ್ಲಿ ಒಟ್ಟು ಎರಡು ಸಣ್ಣ ಪೆಗ್‌ನಷ್ಟು ಆಯಿತು.

ಇದರ ಹಿಂದೆ ಒಂದು ಕಥೆ ಇದೆ, ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. ಇಟಲಿಯವರು ಮೊದಲು ಕುಡಿಯುತ್ತಿದ್ದದ್ದು ಅಮೆರಿಕಾನೋ. ಕಂಪಾರಿ, ವರ್ಮೂತ್, ಮೇಲೆ ಸೋಡಾ. 1919ರಲ್ಲಿ ಫ್ಲಾರೆನ್ಸ್ ಊರಿನಲ್ಲಿ ಕಮಿಲ್ಲೊ ನೆಗ್ರೋನಿ ಅನ್ನುವ ಕೌಂಟ್ (ಅಲ್ಲಿನ ಕುಲೀನರ ಒಂದು ಪದವಿ), ಇನ್ನೂ ಗಟ್ಟಿ ಬೇಕು, ಸೋಡಾ ಬದಲು ಜಿನ್ ಹಾಕು ಅಂದನಂತೆ. ಅಲ್ಲಿಂದ ಆ ಹೆಸರು ಬಂತು ಅಂತ ಹೇಳುತ್ತಾರೆ. ರುಚಿ ಅದೇ, ಗಟ್ಟಿತನ ಮಾತ್ರ ಬೇರೆ. ನೀವು ಬೇಕಾದಾಗ ಈ ದಾರಿಯಲ್ಲಿ ಹಿಂದಕ್ಕೆ ಬರಬಹುದು. ಕಹಿ ಇಷ್ಟಪಡುವವರು ಬೇಜಾರಲ್ಲಿ ಬಂದಿದ್ದಾರಾ? ಜಿನ್ ಬಿಟ್ಟು ಸೋಡಾ ಹಾಕಿ ಅಮೆರಿಕಾನೋ ಕೊಡಿ. ಒಂದೇ ಸಣ್ಣ ಪೆಗ್‌ನಷ್ಟು, ಉದ್ದ ಲೋಟ, ಅದೇ ಕಹಿ. ಹೀಗೆ ಪ್ರತಿ ರುಚಿಗೂ ಒಂದು ಗಟ್ಟಿ ರೂಪ, ಒಂದು ಹಗುರ ರೂಪ ಗೊತ್ತಿರಲಿ. ಈ ಬರಹದಲ್ಲಿ ಇದೊಂದನ್ನು ಮಾತ್ರ ನೆನಪಿಟ್ಟುಕೊಂಡರೂ ನನಗೆ ಸಂತೋಷ.

ಅಂದಹಾಗೆ ವರ್ಮೂತ್ ಅಂದರೆ ವೈನ್. ತೆರೆದ ಮೇಲೆ ಫ್ರಿಜ್‌ನಲ್ಲಿಡಿ, ಒಂದೆರಡು ತಿಂಗಳಲ್ಲಿ ಮುಗಿಸಿ. ಶೋಕೇಸಿನಲ್ಲಿ ವರ್ಷಗಟ್ಟಲೆ ನಿಂತ ವರ್ಮೂತ್ ಹಾಕಿ ನೆಗ್ರೋನಿ ಚೆನ್ನಾಗಿಲ್ಲ ಅನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹುಳಿ ಇಷ್ಟಪಡುವವರು

ಚಿತ್ರಾನ್ನಕ್ಕೆ ಮೇಲಿಂದ ಇನ್ನರ್ಧ ನಿಂಬೆಹಣ್ಣು ಹಿಂಡಿಕೊಳ್ಳುವವರು. ನನ್ನ ಅನುಭವದಲ್ಲಿ ಇವರು ಚುರುಕು, ಮಾತಿಗೆ ಮಾತು ಕೊಡುವವರು, ಒಂದು ಕಡೆ ಕೂರುವವರಲ್ಲ. ಇವರಿಗೆ ಡೈಕಿರಿ. 60 ಎಂಎಲ್ ಬಿಳಿ ರಮ್, 25 ನಿಂಬೆರಸ, 20 ಸಕ್ಕರೆ ಪಾಕ, ಚೆನ್ನಾಗಿ ಕುಲುಕಿ ಸೋಸಿ, ಐಸಿಲ್ಲದ ತಣ್ಣನೆ ಲೋಟಕ್ಕೆ. ಕ್ಯೂಬಾದ ಸ್ಯಾಂಟಿಯಾಗೊ ಹತ್ತಿರ ಡೈಕಿರಿ ಅನ್ನುವ ಗಣಿ ಊರಿದೆ, ಹೆಸರು ಅಲ್ಲಿಯದು. ಮೂರೇ ಸಾಮಾನು, ಹಾಗಾಗಿ ಒಂದು ತಪ್ಪಿದರೂ ಗೊತ್ತಾಗುತ್ತದೆ. ನಮ್ಮ ಒಂದು ನಿಂಬೆಹಣ್ಣಿನಲ್ಲಿ 15 ರಿಂದ 20 ಎಂಎಲ್ ರಸ ಬರುತ್ತದೆ, ಹುಳಿಯೂ ಹಣ್ಣಿನಿಂದ ಹಣ್ಣಿಗೆ ಬೇರೆ, ಮೊದಲ ಲೋಟದ ರುಚಿ ನೋಡಿ ಪಾಕ ಸರಿಮಾಡಿಕೊಳ್ಳಿ.

ವಿಸ್ಕಿ ಬಿಡಲಾರೆ, ಹುಳಿಯೂ ಬೇಕು ಅನ್ನುವವರಿಗೆ ವಿಸ್ಕಿ ಸೌರ್. ರಮ್ ಜಾಗದಲ್ಲಿ ವಿಸ್ಕಿ, ಮೇಲೆ ನೊರೆಗೆ ಒಂದು ಮೊಟ್ಟೆಯ ಬಿಳಿ. ಮೊಟ್ಟೆ ತಿನ್ನದವರ ಮನೆಯಲ್ಲಿ ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರು 20 ಎಂಎಲ್ ಹಾಕಿ, ನೊರೆ ಅಷ್ಟೇ ಚೆನ್ನಾಗಿ ಬರುತ್ತದೆ. ಉಪ್ಪು ಹಾಕದೆ ಬೇಯಿಸಿರಬೇಕು, ಅಷ್ಟೇ.

ಹಗುರ ರೂಪ ಬೇಕಾದಾಗ ಟಾಮ್ ಕಾಲಿನ್ಸ್. 30 ಜಿನ್, 20 ನಿಂಬೆರಸ, 15 ಪಾಕ, ಉದ್ದ ಲೋಟದ ತುಂಬ ಐಸು ಮತ್ತು ಸೋಡಾ. ನಮ್ಮ ನಿಂಬೆ ಸೋಡಾದ ದೊಡ್ಡಣ್ಣ ಅಂದುಕೊಳ್ಳಿ.

ಉಪ್ಪು, ಖಾರ, ಸಾರು

ಮಾವಿನಕಾಯಿಗೆ ಉಪ್ಪು ಖಾರ ಹಚ್ಚುವವರು. ತಿಳಿಸಾರನ್ನು ಲೋಟದಲ್ಲಿ ಕುಡಿಯುವವರು. ಇವರಿಗೆ ಗಟ್ಟಿಯಾಗಿ ಬೇಕಾದರೆ ಮಾರ್ಗರೀಟಾ, 50 ಟಕೀಲಾ (ಮೆಕ್ಸಿಕೋದ ಮದ್ಯ), 20 ಕಿತ್ತಳೆ ಲಿಕರ್ (ಕಿತ್ತಳೆ ರುಚಿಯ ಸಿಹಿ ಮದ್ಯ), 15 ನಿಂಬೆರಸ, ಲೋಟದ ಅಂಚಿಗೆ ಉಪ್ಪು. ಆದರೆ ನನಗೆ ಹೇಳಬೇಕೆನ್ನಿಸುವುದು ಅದರ ಹಗುರ ತಂಗಿ ಪಲೋಮಾ ಬಗ್ಗೆ. ಮೆಕ್ಸಿಕೋದವರು ಇದನ್ನು ಟಕೀಲಾಗೆ ಗ್ರೇಪ್‌ಫ್ರೂಟ್ ಸೋಡಾ ಸೇರಿಸಿ ಮಾಡುತ್ತಾರೆ. ಗ್ರೇಪ್‌ಫ್ರೂಟ್ ಅನ್ನುವುದು ದ್ರಾಕ್ಷಿಹಣ್ಣು ಅಂತ ತಪ್ಪಾಗಿ ಅನುವಾದವಾಗುತ್ತದೆ. ಅದು ದ್ರಾಕ್ಷಿ ಅಲ್ಲ, ನಮ್ಮ ಚಕ್ಕೋತದ ನೆಂಟ. ಚಕ್ಕೋತ ನಮ್ಮಲ್ಲೇ ಇದೆಯಲ್ಲ! ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ತೊಳೆ ಬಿಡಿಸಿ, ಬಿಳಿ ಪೊರೆ ತೆಗೆದು, ಕೈಯಲ್ಲಿ ಹಿಸುಕಿ ಸೋಸಿದ ರಸ 60 ಎಂಎಲ್, ನಿಂಬೆರಸ 10, ಪಾಕ 10, ಟಕೀಲಾ 30, ಮೇಲೆ ಸೋಡಾ. ಅಂಚಿಗೆ ಉಪ್ಪಿನ ಜೊತೆ ಸ್ವಲ್ಪ ಬ್ಯಾಡಗಿ ಮೆಣಸಿನ ಪುಡಿ. ಬಣ್ಣಕ್ಕೆ ಬಣ್ಣ, ಖಾರವೂ ಹದ. ಟಕೀಲಾ ದುಬಾರಿ ಅನ್ನಿಸಿದರೆ ವೋಡ್ಕಾ ಹಾಕಿ, ಹೆಸರು ಬದಲಾಗುತ್ತದೆ, ಖುಷಿ ಅಷ್ಟೇನೂ ಕಡಿಮೆಯಾಗುವುದಿಲ್ಲ.

ಸಾರು ಪ್ರಿಯರಿಗೆ ಬ್ಲಡಿ ಮೇರಿ. 45 ವೋಡ್ಕಾ, 100 ಟೊಮ್ಯಾಟೊ ರಸ, 15 ನಿಂಬೆರಸ, ಉಪ್ಪು, ಕುಟ್ಟಿದ ಕರಿಮೆಣಸು. ನಾನು ಇದಕ್ಕೆ ಕಾಲು ಚಮಚ ಹುರಿದ ಜೀರಿಗೆ ಪುಡಿ ಹಾಕುತ್ತೇನೆ. ಸಾರಿನ ಪುಡಿ ಹಾಕಿ ನೋಡಿದ್ದೇನೆ, ಹಸಿ ಹಸಿಯಾಗಿ ಗಂಟಲಿಗೆ ಹತ್ತುತ್ತದೆ, ಬೇಡ.

ಸಿಹಿಯವರು, ವಿಸ್ಕಿಯವರು

ಸಿಹಿ ಇಷ್ಟ ಅನ್ನುವುದಕ್ಕೆ ಸಂಕೋಚಪಡುವ ಗಂಡಸರು ತುಂಬ ಜನ. ಅವರನ್ನು ಕೇಳಿ ಪೇಚಿಗೆ ಸಿಕ್ಕಿಸಬೇಡಿ, ಸುಮ್ನೆ ಗಾಢ ರಮ್ 45 ಎಂಎಲ್, ನಿಂಬೆರಸ 15, ಬಾಕಿ ಜಿಂಜರ್ ಏಲ್, ಅಂದರೆ ಸಿಹಿ ಶುಂಠಿ ಸೋಡಾ, ಹಾಕಿ ಕೊಡಿ. ಓಲ್ಡ್ ಮಾಂಕ್ ಇದಕ್ಕೆ ಹೇಳಿ ಮಾಡಿಸಿದ್ದು, 1954ರಿಂದ ಇರುವ ರಮ್, ಅದರ ವೆನಿಲ್ಲಾ ವಾಸನೆಗೆ ಶುಂಠಿ ಬಿದ್ದರೆ ಪಾನಕದ ನೆನಪಾಗುತ್ತದೆ. ಇವರು ಸಾಮಾನ್ಯವಾಗಿ ಎಲ್ಲರನ್ನೂ ಸೇರಿಸಿಕೊಂಡು ಹೋಗುವ ಜನ, ಜಗಳ ಬೇಡ ಅನ್ನುವವರು. ಆದರೆ ಎಚ್ಚರ, ಸಿಹಿ ಡ್ರಿಂಕು ನೀರಿನ ಹಾಗೆ ಇಳಿಯುತ್ತದೆ. ಇವರ ಎರಡನೇ ಲೋಟದಲ್ಲಿ ರಮ್ 30ಕ್ಕೆ ಇಳಿಸಿ.

ವಿಸ್ಕಿ ಬಿಟ್ಟು ಬೇರೆ ಮುಟ್ಟದವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮ ಚಿಕ್ಕಪ್ಪ ಹಾಗೇ. ಅವರಿಗೆ ಗೊತ್ತಿರುವುದರಲ್ಲೇ ನೆಮ್ಮದಿ, ಅದನ್ನು ಬದಲಾಯಿಸಲು ನೀವ್ಯಾಕೆ ಹೋಗಬೇಕು? ಓಲ್ಡ್ ಫ್ಯಾಶನ್ಡ್ ಇವರಿಗಾಗಿಯೇ ಇದೆ, ಯಾಕೆಂದರೆ ಇದು ಕಾಕ್‌ಟೇಲ್ ಅನ್ನುವುದರ ಅತಿ ಹಳೆಯ ರೂಪಕ್ಕೆ ಹತ್ತಿರದ್ದು. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಪತ್ರಿಕೆಯೊಂದು ಕಾಕ್‌ಟೇಲ್ ಅಂದರೆ ಏನು ಅಂತ ಓದುಗರಿಗೆ ವಿವರಿಸಿದಾಗ ಹೇಳಿದ್ದು ನಾಲ್ಕೇ ಸಾಮಾನು: ಮದ್ಯ, ಸಕ್ಕರೆ, ನೀರು, ಬಿಟರ್ಸ್ (ಹನಿಗಳಲ್ಲಿ ಹಾಕುವ ಗಿಡಮೂಲಿಕೆಯ ಕಹಿ ಸಾರ). ನಾನು ಸಕ್ಕರೆ ಬದಲು ಮಲೆನಾಡಿನ ಜೋನಿ ಬೆಲ್ಲ ಒಂದು ಸಣ್ಣ ಚಮಚ ಹಾಕುತ್ತೇನೆ. ಮೊದಲೇ ದ್ರವವಾಗಿರುವುದರಿಂದ ಸಲೀಸಾಗಿ ಬೆರೆಯುತ್ತದೆ, ವಿಸ್ಕಿಯ ಮರದ ರುಚಿಗೆ ಅದರ ಹೊಗೆ ಹೊಗೆ ಸಿಹಿ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ ಇದಕ್ಕಾಗಿಯೇ ಆಲೆಮನೆ ಹುಟ್ಟಿತೇನೋ ಅನ್ನಿಸುತ್ತದೆ. 60 ವಿಸ್ಕಿ, ಎರಡು ಮೂರು ಹನಿ ಅಂಗೋಸ್ಟುರಾ ಬಿಟರ್ಸ್, ಒಂದು ದೊಡ್ಡ ಐಸು, ಕೊಡಗಿನ ಕಿತ್ತಳೆ ಸಿಪ್ಪೆ ಸಿಕ್ಕರೆ ಅದು. ಬಿಟರ್ಸ್ ಸಣ್ಣ ಬಾಟಲಿ ತಂದರೆ ವರ್ಷಗಟ್ಟಲೆ ಬರುತ್ತದೆ. 1824ರಲ್ಲಿ ವೆನೆಜುವೆಲಾದಲ್ಲಿದ್ದ ಜರ್ಮನ್ ವೈದ್ಯ ಸೀಗರ್ಟ್ ಹೊಟ್ಟೆಗೆ ಔಷಧಿ ಅಂತ ಮಾಡಿದ್ದು ಅದು.

ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಬಾರ್ಲಿ ಮಾಲ್ಟಿನಿಂದ ಮಾಡಿದ ವಿಸ್ಕಿ, ಇದ್ದರೆ? ಬೆಂಗಳೂರಿನ ಅಮೃತ್ ಡಿಸ್ಟಿಲರಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು, ಅಂಥ ವಿಸ್ಕಿ ನಮ್ಮೂರಿನದು ಅನ್ನುವುದೇ ಹೆಮ್ಮೆ. ಅದನ್ನು ಬೆಲ್ಲದ ಜೊತೆ ಕಲಸಬೇಡಿ. ಚಿಕ್ಕಪ್ಪನಿಗೆ ಹಾಗೇ ಕೊಡಿ, ಪಕ್ಕದಲ್ಲಿ ಒಂದು ಲೋಟ ನೀರಿಡಿ.

ವಿಸ್ಕಿಯ ಹಗುರ ರೂಪ ಹೈಬಾಲ್. 30 ವಿಸ್ಕಿಗೆ 100 ಅಥವಾ 120 ಸೋಡಾ. ಎಲ್ಲ ಮನೆಯಲ್ಲೂ ಮಾಡುವುದೇ, ಆದರೆ ಲೋಟ ಫ್ರೀಜರ್‌ನಿಂದ ತೆಗೆದದ್ದು, ಸೋಡಾ ಫ್ರಿಜ್‌ನಿಂದ ತೆಗೆದದ್ದು, ಐಸು ಲೋಟದ ಅಂಚಿನವರೆಗೆ. ಈ ಮೂರು ಮಾಡಿ ನೋಡಿ, ಬೇರೆಯೇ ಡ್ರಿಂಕ್ ಆಗಿರುತ್ತದೆ.

ಈಗ ಮನಸ್ಸು

ಬಾಗಿಲು ತೆರೆದಾಗಲೇ ಗೊತ್ತಾಗುತ್ತದೆ. ಚಪ್ಪಲಿ ಹೇಗೆ ಬಿಟ್ಟರು, ಎಲ್ಲಿ ಕೂತರು, ಎಷ್ಟು ಹೊತ್ತಿಗೆ ಮಾತು ಶುರು ಮಾಡಿದರು. ಮೊದಲ ಹತ್ತು ನಿಮಿಷ ಬಾಟಲಿ ಮುಟ್ಟಬೇಡಿ. ನೀರು ಕೊಡಿ, ಕೋಡುಬಳೆ, ಕಾಂಗ್ರೆಸ್ ಕಡ್ಲೆಬೀಜ ಏನಾದರೂ ತಟ್ಟೆಗೆ ಹಾಕಿ. ಖಾಲಿ ಹೊಟ್ಟೆಯಲ್ಲಿ ಆಲ್ಕೋಹಾಲ್ ಬೇಗ ಏರುತ್ತದೆ, ಅದೂ ಒಂದು ಕಾರಣ.

ದುಃಖದಲ್ಲಿ ಬಂದವರಿಗೆ ಅವರವರ ರುಚಿಯ ಹಗುರ ರೂಪ, ಅದೂ ಒಂದೇ, ಹೆಚ್ಚೆಂದರೆ ಎರಡು. ಬಾಟಲಿಯನ್ನು ಮೇಜಿನ ಮೇಲೆ ಇಡಬೇಡಿ, ಒಳಗಿನಿಂದಲೇ ಮಾಡಿ ತನ್ನಿ. ನಿದ್ದೆ ಬರುತ್ತಿಲ್ಲ, ಅದಕ್ಕೆ ಎರಡು ಪೆಗ್ ಅನ್ನುವವರಿಗೆ ನಿಜ ಹೇಳಿ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ಆದರೆ ನಡುರಾತ್ರಿ ದಾಟಿದ ಮೇಲೆ ಆ ನಿದ್ದೆ ಕೆಡುತ್ತದೆ. ನಿದ್ದೆ ಮಾತ್ರೆ, ಆತಂಕದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಂದು ಹನಿಯೂ ಬೇಡ, ಈ ಮಾತಿನಲ್ಲಿ ದಾಕ್ಷಿಣ್ಯ ಬೇಡವೇ ಬೇಡ. ವಾರಗಟ್ಟಲೆ ಹೀಗೇ ಇದ್ದಾರೆ ಅನ್ನಿಸಿದರೆ ಅದು ಕಾಕ್‌ಟೇಲ್‌ನ ಕೆಲಸವಲ್ಲ, ವೈದ್ಯರ ಹತ್ತಿರ ಜೊತೆಗೆ ಹೋಗಿ ಬನ್ನಿ.

ಸಿಟ್ಟಲ್ಲಿ ಇರುವವರಿಗೆ ಅರ್ಧ ಗಂಟೆ ಏನೂ ಇಲ್ಲ. ಮಜ್ಜಿಗೆ ಕೊಡಿ. ಅವರು ಬೈದು ಮುಗಿಸಲಿ.

ಆಫೀಸಿನಿಂದ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಸುಸ್ತಾಗಿ ಬಂದವರಿಗೆ ಬೇಕಾಗಿರುವುದು ತಂಪು, ಅಮಲಲ್ಲ. ಜಿನ್ ಅಂಡ್ ಟಾನಿಕ್, 30 ಜಿನ್, 120 ಟಾನಿಕ್ ವಾಟರ್ (ಸ್ವಲ್ಪ ಕಹಿ ಇರುವ ಸೋಡಾ), ನಿಂಬೆಯ ಒಂದು ಹೋಳು. ಟಾನಿಕ್‌ನ ಕಹಿ ಕ್ವಿನೈನ್‌ನದು, ಸಿಂಕೋನಾ ಮರದ ತೊಗಟೆಯಿಂದ ಬರುವ ಮಲೇರಿಯಾ ಔಷಧಿ. ಬ್ರಿಟಿಷರು 1860ರ ದಶಕದಲ್ಲಿ ಪಕ್ಕದ ನೀಲಗಿರಿಯಲ್ಲೇ ಸಿಂಕೋನಾ ತೋಟ ಹಾಕಿಸಿದ್ದರು. ಹೊಸಬರು, ಸ್ವಲ್ಪ ಮುಜುಗರದಲ್ಲಿ ಇರುವವರು ಮನೆಗೆ ಬಂದಾಗಲೂ ನಾನು ಇದನ್ನೇ ಕೊಡುತ್ತೇನೆ. ಹೆಸರು ಎಲ್ಲರಿಗೂ ಗೊತ್ತು, ಉದ್ದ ಲೋಟ ಕೈಯಲ್ಲಿದ್ದರೆ ಧೈರ್ಯ, ನಡುವೆ ಟಾನಿಕ್ ಮಾತ್ರ ತುಂಬಿಸುತ್ತಾ ಹೋದರೆ ಯಾರಿಗೂ ತೊಂದರೆಯಿಲ್ಲ.

ಕಾಫಿ ಹುಚ್ಚಿರುವವರು ಎಸ್‌ಪ್ರೆಸೊ ಮಾರ್ಟಿನಿ ಕೇಳುತ್ತಾರೆ. ಡಿಕಾಕ್ಷನ್ನಿನಲ್ಲಿ ಸೊಗಸಾಗಿ ಆಗುತ್ತದೆ, 45 ವೋಡ್ಕಾ, 30 ಗಟ್ಟಿ ಡಿಕಾಕ್ಷನ್, 15 ಕಾಫಿ ಲಿಕರ್, 10 ಪಾಕ. ಆದರೆ ಸುಸ್ತಾದವರಿಗೆ ಬೇಡ. ಕಾಫಿ ಎಚ್ಚರ ಇರಿಸುತ್ತದೆಯೇ ಹೊರತು ಮತ್ತನ್ನು ಇಳಿಸುವುದಿಲ್ಲ, ಸರಿಯಾಗಿದ್ದೇನೆ ಅನ್ನುವ ಭ್ರಮೆ ಹುಟ್ಟುತ್ತದೆ.

ಜೋರು ಮಳೆಯ ಸಂಜೆ ಮನಸ್ಸು ಒಳಗೊಳಗೇ ಸೇರಿಕೊಳ್ಳುತ್ತದೆ, ಅಲ್ವಾ? ಕೊಡಗು, ಮಲೆನಾಡಿನಲ್ಲಿ ರಮ್‌ಗೋ ಬ್ರಾಂದಿಗೋ ಬಿಸಿನೀರು ಹಾಕಿ ಕುಡಿಯುವುದು ಹಳೆಯ ರೂಢಿ. ಅದಕ್ಕೆ ಒಂದು ಚಮಚ ಜೇನುತುಪ್ಪ, ಅರ್ಧ ನಿಂಬೆ, ಎರಡು ಲವಂಗ ಸೇರಿಸಿದರೆ ಹಾಟ್ ಟಾಡಿ. 30 ರಮ್, 120 ಬಿಸಿನೀರು, ಕುದಿಯುತ್ತಿರುವುದು ಬೇಡ. ಕೊಡಗಿನ ಜೇನು ಸಿಕ್ಕರೆ ಕೇಳುವುದೇ ಬೇಡ. ಮಳೆಯಲ್ಲಿ ನೆನೆದು ಬಂದವರು ಮೊದಲು ಬಟ್ಟೆ ಬದಲಿಸಲಿ. ಆಲ್ಕೋಹಾಲ್ ಮೈ ಬೆಚ್ಚಗಾದ ಹಾಗೆ ತೋರಿಸುತ್ತದೆ, ಆದರೆ ಚರ್ಮದ ರಕ್ತನಾಳ ಹಿಗ್ಗಿ ಮೈಯ ಶಾಖ ಹೊರಗೆ ಹೋಗುತ್ತಿರುತ್ತದೆ.

ಗಂಡ ಹೆಂಡತಿ ದಾರಿಯಲ್ಲೇ ಏನೋ ಮಾತು ಬಂದು ಮುಖ ಊದಿಸಿಕೊಂಡು ಬಂದಿದ್ದಾರಾ? ಅವರಿಗೆ ಕೆಲಸ ಕೊಡಿ. "ಅಕ್ಕಾ, ನೀವು ಸ್ವಲ್ಪ ಪುದೀನ ಬಿಡಿಸ್ತೀರಾ? ಭಾವ, ನೀವು ನಿಂಬೆಹಣ್ಣು ಹಿಂಡಿ." ಮೊಹಿತೋ ಮಾಡಿ. ಆರೇಳು ಪುದೀನ ಎಲೆ, ಎರಡು ಚಮಚ ಸಕ್ಕರೆ, 20 ನಿಂಬೆರಸ ಹಾಕಿ ಮೆಲ್ಲಗೆ ಒತ್ತಬೇಕು, ಚಟ್ನಿ ಮಾಡಬಾರದು, ಜಜ್ಜಿದರೆ ಕಹಿ ಬಿಡುತ್ತದೆ. 45 ಬಿಳಿ ರಮ್, ಐಸು, ಸೋಡಾ. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಐದು ನಿಮಿಷ ನಿಂತರೆ ಮಾತು ತಾನಾಗಿಯೇ ಬರುತ್ತದೆ, ನಾನು ಕಂಡಿದ್ದೇನೆ.

ಖುಷಿಗೆ, ಕೆಲಸ ಸಿಕ್ಕಿದ್ದಕ್ಕೆ, ಮನೆ ಕೊಂಡದ್ದಕ್ಕೆ ಫ್ರೆಂಚ್ 75. 30 ಜಿನ್, 15 ನಿಂಬೆ, 15 ಪಾಕ ಕುಲುಕಿ ಸೋಸಿ, ಮೇಲೆ 60 ತಣ್ಣನೆಯ ಸ್ಪಾರ್ಕ್ಲಿಂಗ್ ವೈನ್. ಮೊದಲ ಮಹಾಯುದ್ಧದ 75 ಎಂಎಂ ಫ್ರೆಂಚ್ ಫಿರಂಗಿಯ ಹೆಸರು ಅದು, ಒಂದು ಲೋಟದಲ್ಲಿ ಒಂದೂವರೆ ಸಣ್ಣ ಪೆಗ್ ಇದೆ, ಚಿಯರ್ಸ್ ಹೇಳಲು ಒಂದು ಸಾಕು. ಆಮೇಲೆ ಹತ್ತು ಜನರ ಗುಂಪಿದ್ದರೆ ಪಂಚ್ ಮಾಡಿ. ಆ ಪದ ನಮ್ಮ "ಪಂಚ"ದಿಂದಲೇ ಹೋಯಿತು ಅನ್ನುವವರಿದ್ದಾರೆ, 17ನೇ ಶತಮಾನದಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ವ್ಯಾಪಾರಿಗಳ ಬಾಯಿಗೆ ಹತ್ತಿದ ಡ್ರಿಂಕ್ ಇದು. 150 ನಿಂಬೆರಸ, 225 ಬೆಲ್ಲದ ಪಾಕ, 450 ರಮ್, 600 ತಣ್ಣಗಾದ ತೆಳು ಟೀ, ಏಲಕ್ಕಿ, ಜಾಯಿಕಾಯಿ ಸ್ವಲ್ಪ. ಹತ್ತು ಲೋಟ ಆಗುತ್ತದೆ. ಒಂದು ಗಂಟೆ ಮುಂಚೆಯೇ ಮಾಡಿಟ್ಟರೆ ನೀವೂ ಎಲ್ಲರ ಜೊತೆ ಕೂರಬಹುದು.

ಕುಡಿಯದವರ ಲೋಟ

ಇದನ್ನು ಕೊನೆಗೆ ಬರೆಯುತ್ತಿದ್ದೇನೆ, ಆದರೆ ಮನೆಯಲ್ಲಿ ನಾನು ಮೊದಲು ಮಾಡುವುದು ಇದನ್ನೇ. "ನಾನು ಕುಡಿಯೋಲ್ಲ" ಅಂದವರನ್ನು ಯಾಕೆ ಅಂತ ಕೇಳಬೇಡಿ. ವ್ರತ ಇರಬಹುದು, ಔಷಧಿ ಇರಬಹುದು, ಬಸುರಿ ಇರಬಹುದು, ಕಷ್ಟಪಟ್ಟು ಬಿಟ್ಟಿರಬಹುದು, ಸುಮ್ನೆ ಇಷ್ಟವಿಲ್ಲದೆಯೂ ಇರಬಹುದು. ಅವರಿಗೆ ಪ್ಲಾಸ್ಟಿಕ್ ಲೋಟದಲ್ಲಿ ಕೋಲಾ ಕೊಟ್ಟು ಕೂರಿಸುವುದು ನನಗೆ ಅವಮಾನ ಅನ್ನಿಸುತ್ತದೆ. ಅದೇ ಒಳ್ಳೆಯ ಲೋಟ, ಅದೇ ದೊಡ್ಡ ಐಸು, ಅದೇ ರುಚಿಯ ಲೆಕ್ಕ.

ಹುಳಿಯವರಿಗೆ ಪುನರ್ಪುಳಿ. ಒಣಸಿಪ್ಪೆಯನ್ನು ರಾತ್ರಿ ನೆನೆಹಾಕಿ ಸೋಸಿದ ಕೆಂಪು ರಸ 60 ಎಂಎಲ್, ಪಾಕ 20, ಚಿಟಿಕೆ ಉಪ್ಪು, ಜೀರಿಗೆ ಪುಡಿ, ಮೇಲೆ ಸೋಡಾ. ಮೇಜಿನ ಮೇಲೆ ಇದಕ್ಕಿಂತ ಚೆಂದದ ಬಣ್ಣ ಯಾವುದೂ ಇರುವುದಿಲ್ಲ. ಕಹಿಯವರಿಗೆ ಐಸು ತುಂಬಿದ ಲೋಟಕ್ಕೆ 120 ಟಾನಿಕ್ ಹಾಕಿ, ಮೇಲಿಂದ 30 ಡಿಕಾಕ್ಷನ್ ಚಮಚದ ಬೆನ್ನ ಮೇಲೆ ನಿಧಾನ ಇಳಿಸಿ. ಸಿಹಿಯವರಿಗೆ ಬೆಲ್ಲದ ಪಾನಕ, ಒಣಶುಂಠಿ, ಏಲಕ್ಕಿ, ರಾಮನವಮಿಗೆ ಮಾಡುವ ಹಾಗೇ. ಒಂದು ವಿಷಯ ಮರೆಯಬೇಡಿ, ಬಿಟರ್ಸ್‌ನಲ್ಲೂ ಆಲ್ಕೋಹಾಲ್ ಇದೆ, ವಿಸ್ಕಿಯಷ್ಟೇ ಗಟ್ಟಿ. ಎರಡು ಹನಿಯೇ ಆದರೂ ಈ ಲೋಟಗಳಿಗೆ ಹಾಕಬಾರದು. 21 ತುಂಬದ ಮಕ್ಕಳು ಮನೆಯಲ್ಲಿದ್ದರೆ ಅವರಿಗೂ ಇದೇ ಲೋಟ.

ಕಾರಿನ ಕೀ ಎಲ್ಲಿದೆ ಅಂತ ಮೊದಲ ಲೋಟಕ್ಕೆ ಮುಂಚೆಯೇ ಕೇಳಿಬಿಡಿ. ಕಾನೂನಿನ ಮಿತಿ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ, ಅದನ್ನು ದಾಟಲು ಜಾಸ್ತಿ ಬೇಕಾಗುವುದಿಲ್ಲ, ಮೊದಲ ಸಲ ಸಿಕ್ಕಿಬಿದ್ದರೇ ದಂಡ 10,000 ರೂಪಾಯಿ, ಜೈಲೂ ಆಗಬಹುದು. ಹತ್ತೂವರೆಗೆ ನಾನು ಐಸು ಟ್ರೇ ಒಳಗಿಟ್ಟು ಊಟ ಬಡಿಸುತ್ತೇನೆ. ಬಿಸಿ ಅನ್ನ, ಸಾರು, ಕೊನೆಗೆ ಮೊಸರನ್ನಕ್ಕೆ ಮಿಡಿ ಉಪ್ಪಿನಕಾಯಿ. ಕ್ಯಾಬ್ ಬರುವವರೆಗೆ ಎಲ್ಲರೂ ಬಾಲ್ಕನಿಯಲ್ಲಿ ನಿಂತಿರುತ್ತಾರೆ, ಆಗ ಯಾರಾದರೂ "ಮುಂದಿನ ಸಲ ನನಗೂ ಆ ಚಕ್ಕೋತದ್ದು" ಅಂದರೆ, ನಾನು ಮರುದಿನವೇ ಹಣ್ಣು ಹುಡುಕಿಕೊಂಡು ಹೊರಡುತ್ತೇನೆ.